ಹಲ್ಲಿಲ್ಲದ ಅಂಚೆಚೀಟಿ: ನಾನು ಪರೀಕ್ಷಿಸುವ ಬಗೆ

ಬಿಡಿಸಿಕೊಳ್ಳಲು ಸುತ್ತ ರಂಧ್ರ ಹೊಡೆಯದೆಯೇ ಹೊರಬಂದ ಅಂಚೆಚೀಟಿಯನ್ನು ಇಂಪರ್ಫೋರೇಟ್, ಬಾಯಿಮಾತಿನಲ್ಲಿ ಇಂಪರ್ಫ್ ಅನ್ನುತ್ತೇವೆ. ರಂಧ್ರವಿದ್ದ ಚೀಟಿಯ ಹಲ್ಲು ಕತ್ತರಿಸಿದರೆ ಅದು ಇಂಪರ್ಫ್ ಆಗುವುದಿಲ್ಲ, ಹಾಳಾದ ಚೀಟಿ ಅಷ್ಟೆ.

ಬ್ರಿಟನ್ನಿನ 1840ರ ಪೆನ್ನಿ ಬ್ಲ್ಯಾಕ್, ಸಿಂಧ್ ಪ್ರಾಂತ್ಯದ ಅಂಚೆಗಾಗಿ ಬಂದ 1852ರ ಸಿಂಧ್ ಡಾಕ್, ಕಲ್ಕತ್ತದಲ್ಲಿ ಅಚ್ಚಾದ 1854ರ ಅರ್ಧ ಆಣೆ, ಒಂದಾಣೆ, ಎರಡಾಣೆ, ನಾಲ್ಕಾಣೆ ಎಲ್ಲವೂ ಹುಟ್ಟಾ ಇಂಪರ್ಫ್. ಇವುಗಳಲ್ಲಿ ಅಂಚು ನೋಡಬೇಕು: ನಾಲ್ಕೂ ಕಡೆ ಚಿತ್ರಕ್ಕೆ ತಾಗದ ಬಿಳಿ ಜಾಗ ಉಳಿದಿದ್ದರೆ ಬೆಲೆ, ಕತ್ತರಿ ಒಳಕ್ಕೆ ಹೋಗಿದ್ದರೆ ಇಳಿಕೆ. ನಾಲ್ಕಾಣೆಯದನ್ನು ಎಂಟು ಮೂಲೆಯಾಗಿ ಕತ್ತರಿಸಿ ಅಂಟಿಸಿದ್ದೂ ಉಂಟು.

ತೊಂದರೆ ಬರುವುದು ರಂಧ್ರವಿರಬೇಕಾದ ಚೀಟಿ ರಂಧ್ರವಿಲ್ಲದೆ ಸಿಕ್ಕಾಗ. ಮೊದಲು ಅದೇ ಚೀಟಿಯ ಮಾಮೂಲಿ ಪ್ರತಿಯನ್ನು ಪಕ್ಕಕ್ಕಿಟ್ಟು, ಹಲ್ಲಿನ ತುದಿಯಿಂದ ತುದಿಗೆ ಅಳೆಯುತ್ತೇನೆ. ಅದು 20 ಮಿಲಿಮೀಟರ್ ಇದ್ದು, ಕೈಯಲ್ಲಿರುವುದು 18 ಇದ್ದರೆ ಅನುಮಾನವೇ ಬೇಡ, ಯಾರೋ ಟ್ರಿಮ್ ಮಾಡಿದ್ದಾರೆ. ಅಗಲವಿದ್ದರೂ ಒಂಟಿ ಚೀಟಿಯನ್ನು ನಂಬುವುದಿಲ್ಲ. ಹಾಳೆಯ ಅಂಚಿನಲ್ಲಿದ್ದ ಚೀಟಿಗೆ ಒಂದು ಬದಿ ಹೆಚ್ಚು ಕಾಗದವಿರುತ್ತದೆ, ಸುರುಳಿಯಾಗಿ ಮಾರುವ ಕಾಯಿಲ್ ಚೀಟಿಗೆ ಎದುರುಬದುರಿನ ಎರಡು ಬದಿ ಹಲ್ಲೇ ಇರುವುದಿಲ್ಲ; ಉಳಿದ ಬದಿಯ ಹಲ್ಲು ಕತ್ತರಿಸಿದರೆ ಇವೂ ಇಂಪರ್ಫ್‌ನಂತೆ ಕಾಣಬಹುದು. ಹಾಗಾಗಿ ಕೊಳ್ಳುವುದು ಒಂದಕ್ಕೊಂದು ಅಂಟಿಕೊಂಡೇ ಇರುವ ಎರಡು ಚೀಟಿಯ ಜೋಡಿ ಮಾತ್ರ. ಜೋಡಿಯ ನಡುವೆ ಮಾತ್ರ ರಂಧ್ರ ತಪ್ಪಿ, ಹೊರಬದಿಗಳಲ್ಲಿ ಇದ್ದರೆ ಅದು ಬೇರೆ ವರ್ಗದ ದೋಷ, ಹಾಗೆಂದೇ ಬರೆದಿಡಬೇಕು.

ಜೋಡಿಯನ್ನೂ ತಿರುಗಿಸಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯುತ್ತೇನೆ. ರಂಧ್ರ ಹೊಡೆಯುವ ಯಂತ್ರದ ಸೂಜಿ ಕಾಗದವನ್ನು ತೂರದೆ ಒತ್ತಿ ಮಾತ್ರ ಹೋಗಿದ್ದರೆ ಸಾಲಾಗಿ ಸಣ್ಣ ಉಬ್ಬುತಗ್ಗುಗಳ ನೆರಳು ಬೀಳುತ್ತದೆ. ಇದು ಬ್ಲೈಂಡ್ ಪರ್ಫ್. ಯಂತ್ರ ತನ್ನ ಕೆಲಸ ಅರ್ಧ ಮಾಡಿದೆ, ಆದ್ದರಿಂದ ಇಂಪರ್ಫ್ ಅಲ್ಲ. ಒದ್ದೆ ಮಾಡಿ ಇಸ್ತ್ರಿ ಒತ್ತಿದ್ದರೆ ಈ ಗುರುತೂ ಅಳಿಸಿಹೋಗಬಹುದು. ಹಿಂಬದಿಯ ಗೋಂದು ಮಾಯವಾಗಿದ್ದರೆ ಹೆಚ್ಚು ಜಾಗ್ರತೆ.

ದಾವಣಗೆರೆಯಲ್ಲಿ ಮಂಡಿ ವ್ಯಾಪಾರಿಗಳ ಹಳೆ ಪತ್ರದ ಕಟ್ಟುಗಳಲ್ಲಿ ಪೋಸ್ಟ್ ಕಾರ್ಡೇ ಜಾಸ್ತಿ. ಕಾರ್ಡಿನ ಮೇಲೆ ಅಚ್ಚಾದ ರಾಜನ ತಲೆಯನ್ನು ಚೌಕವಾಗಿ ಕತ್ತರಿಸಿ ಇಂಪರ್ಫ್ ಎಂದು ಮಾರುವವರಿದ್ದಾರೆ. ಬೆರಳಿಗೆ ದಪ್ಪ ರಟ್ಟು ಸಿಗುತ್ತದೆ, ಹಿಂದೆ ಗೋಂದಿರದು, ಕೆಲವೊಮ್ಮೆ ಹತ್ತಿ ಧಾರಣೆಯ ಅರ್ಧ ಸಾಲು ಉಳಿದಿರುತ್ತದೆ. ‘ಮೈಸೂರು ಸಂಸ್ಥಾನದ ಇಂಪರ್ಫ್ ಅಂಚೆಚೀಟಿ’ ಎಂದು ಯಾರಾದರೂ ತಂದರೆ ಅಳತೆ ಕೂಡ ಬೇಡ: ಮೈಸೂರು ಅಂಚೆಚೀಟಿ ಹೊರಡಿಸಿಯೇ ಇಲ್ಲ, ಅದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪು.

ಲಕೋಟೆಯ ಮೇಲೇ ಸಿಕ್ಕ ಇಂಪರ್ಫನ್ನು ನೀರಿಗೆ ಹಾಕಿ ಬಿಡಿಸಬೇಡಿ; ಮೊಹರು ಚೀಟಿಯಿಂದ ಲಕೋಟೆಗೆ ಹರಿದಿರುವುದೇ ಬಲವಾದ ಸಾಕ್ಷಿ.