ಅಟ್ಟದ ಟಿವಿ ಗೇಮ್‌ನಲ್ಲಿ ಜಾಯ್ ಮೆಕ್ ಫೈಟ್

ಫ್ಯಾಮಿಕಾಂ ಎಂದರೆ ಟಿವಿಗೆ ಜೋಡಿಸುವ ನಿಂಟೆಂಡೊ ಕಂಪನಿಯ ಗೇಮ್ ಪೆಟ್ಟಿಗೆ. ಜಾಯ್ ಮೆಕ್ ಫೈಟ್, ನಿಂಟೆಂಡೊ ಅದಕ್ಕಾಗಿ 1993ರ ಮೇ 21ರಂದು ಜಪಾನಿನಲ್ಲಿ ಬಿಟ್ಟ ರೋಬೋಟ್ ಹೊಡೆದಾಟದ ಕ್ಯಾಸೆಟ್. ಅದರ ಮುಂದಿನ ಪೆಟ್ಟಿಗೆ ಸೂಪರ್ ಫ್ಯಾಮಿಕಾಂ ಬಂದು ಆಗಲೇ ಎರಡೂವರೆ ವರ್ಷ ಕಳೆದಿತ್ತು. ಕ್ಯಾಸೆಟ್ ಕಡಲು ದಾಟಿ ಹೊರಗೆ ಬರಲೇ ಇಲ್ಲ. ಆದರೂ ಫ್ಯಾಮಿಕಾಂನಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ಹೊಡೆದಾಟದ ಆಟ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಆ ಯಂತ್ರ ಪರದೆಯ ಒಂದು ಅಡ್ಡಗೆರೆಯಲ್ಲಿ ತೋರಿಸುವುದು 8 ಸ್ಪ್ರೈಟ್ (ಚಲಿಸುವ ಚಿತ್ರದ ತುಂಡು) ಮಾತ್ರ, ಒಂದೊಂದೂ 8 ಚುಕ್ಕಿ ಅಗಲ. ಇಬ್ಬರು ದೊಡ್ಡ ಜಟ್ಟಿಗಳು ಎದುರುಬದುರು ನಿಂತರೆ ಲೆಕ್ಕ ಮೀರಿ ಚಿತ್ರ ಮಿಣುಕುತ್ತದೆ. ಇಲ್ಲಿನ 36 ರೋಬೋಟ್‌ಗಳಿಗೆ ತೋಳೂ ಇಲ್ಲ, ತೊಡೆಯೂ ಇಲ್ಲ. ತಲೆ, ಮುಂಡ, ಮುಷ್ಟಿ, ಪಾದ ಬೇರೆಬೇರೆಯಾಗಿ ಗಾಳಿಯಲ್ಲಿ ತೇಲುತ್ತವೆ. ಆ ಉಳಿತಾಯದಿಂದಲೇ ಅಷ್ಟು ದೊಡ್ಡ ಆಳುಗಳು ಅಷ್ಟು ನಯವಾಗಿ ಚಲಿಸುವುದು.

ಕುಂಬಳೆ, ಉಪ್ಪಳ, ಬದಿಯಡ್ಕದ ಮನೆಗಳ ಅಟ್ಟದಲ್ಲಿ ಗಲ್ಫಿನಿಂದ ಬಂದ, ಫ್ಯಾಮಿಕಾಂನ ನಕಲಿಯಾದ ಹಳೆಯ ಟಿವಿ ಗೇಮ್ ಪೆಟ್ಟಿಗೆ ಇದ್ದರೆ ಮೊದಲು ಅದರ ಕ್ಯಾಸೆಟ್ ಗಂಡಿ ನೋಡಿ. 60 ಪಿನ್ನಿನದಾದರೆ ಜಪಾನಿನ ಕ್ಯಾಸೆಟ್ ನೇರವಾಗಿ ಕೂರುತ್ತದೆ. ಫ್ಯಾಮಿಕಾಂನ ಅಮೆರಿಕ, ಯುರೋಪಿನ ರೂಪವಾದ ಎನ್‌ಇಎಸ್‌ನದು 72 ಪಿನ್, ಅದಕ್ಕೆ ಕನ್ವರ್ಟರ್ ಬೇಕು. ಬಣ್ಣದ ಪದ್ಧತಿ ಪೆಟ್ಟಿಗೆಯದೇ ಹೊರತು ಕ್ಯಾಸೆಟ್ಟಿನದಲ್ಲ. ಆದ್ದರಿಂದ ಇಲ್ಲಿನ ಪದ್ಧತಿಯಾದ ಪಾಲ್‌ನ ಪೆಟ್ಟಿಗೆಯಾದರೆ ನಮ್ಮ ಟಿವಿಯಲ್ಲಿ ಬಣ್ಣ ಸರಿಯಾಗಿಯೇ ಬರುತ್ತದೆ.

ಅಸಲಿ ಫ್ಯಾಮಿಕಾಂ ತರಿಸಿದವರಿಗೆ ತೊಂದರೆ ಹೆಚ್ಚು. ಅದರ ಅಡಾಪ್ಟರ್ 100 ವೋಲ್ಟಿನದು, ನಮ್ಮ 230ರ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ. 9 ವೋಲ್ಟ್ ಡಿಸಿ, 1 ಆಂಪಿಯರಿನ ಅಡಾಪ್ಟರ್ ಕೊಳ್ಳಿ, ಪಿನ್ನಿನ ನಡುಭಾಗ ಮೈನಸ್ ಇರಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ಮಲ್ಟಿಮೀಟರ್ ಇಟ್ಟು ನೋಡದೆ ಚುಚ್ಚಬೇಡಿ. ನಕಲಿ ಪೆಟ್ಟಿಗೆಗಳಲ್ಲಿ ಇದು ಒಂದೊಂದರಲ್ಲಿ ಒಂದೊಂದು ಥರ, ಅಡಿಯ ಚೀಟಿಯೇ ಪ್ರಮಾಣ. 12 ವೋಲ್ಟ್ ಕೊಟ್ಟರೂ ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ. ಒಳಗಿನ 7805 ರೆಗ್ಯುಲೇಟರ್ ಬಂದದ್ದನ್ನು 5ಕ್ಕೆ ಇಳಿಸಿ ಉಳಿದದ್ದನ್ನು ಬಿಸಿಯಾಗಿ ಬಿಡುತ್ತದೆ. 9 ಕೊಟ್ಟರೆ 4 ವೋಲ್ಟಿನ ಬಿಸಿ, 12 ಕೊಟ್ಟರೆ 7 ವೋಲ್ಟಿನದು.

ಇನ್ನು ಅಸಲಿಯ ಆಂಟೆನಾ ತಂತಿ. ಅದನ್ನು ಇಲ್ಲಿಯ ಟಿವಿಗೆ ಕೊಟ್ಟು ಹೇಗೋ ಟ್ಯೂನ್ ಮಾಡಿದರೂ ಸ್ವರ ಬರುವುದಿಲ್ಲ, ಬುಸ್ ಎನ್ನುತ್ತದೆ. ಜಪಾನಿನಲ್ಲಿ ಚಿತ್ರಕ್ಕೂ ಸ್ವರಕ್ಕೂ 4.5 ಮೆಗಾಹರ್ಟ್ಸ್ ಅಂತರ, ನಮ್ಮಲ್ಲಿ 5.5. ಚಿತ್ರ, ಸ್ವರ ನೇರವಾಗಿ ಟಿವಿಗೆ ಕೊಡುವ ಎವಿ ಜ್ಯಾಕ್ ಹಾಕಿಸಿ, ಇಲ್ಲವೇ 1993ರ ಡಿಸೆಂಬರಿನಲ್ಲಿ ಬಂದ ಎವಿ ಫ್ಯಾಮಿಕಾಂ ಹುಡುಕಿ. ಟಿವಿ ಜಪಾನಿನ ಬಣ್ಣದ ಪದ್ಧತಿಯಾದ ಎನ್‌ಟಿಎಸ್‌ಸಿ ಹಿಡಿಯದಿದ್ದರೆ ಎವಿಯಲ್ಲೂ ಚಿತ್ರ ಕಪ್ಪುಬಿಳುಪೇ.

ವೇಗದ ವಿಷಯ ಬಹಳ ಜನ ಗಮನಿಸುವುದಿಲ್ಲ. ಆಟ ಬರೆದದ್ದು ಸೆಕೆಂಡಿಗೆ 60 ಫ್ರೇಮಿಗೆ. ಪಾಲ್ ಪೆಟ್ಟಿಗೆ ಕೊಡುವುದು 50. ಒಂದು ಸೆಕೆಂಡಿನ ಪೆಟ್ಟು 1.2 ಸೆಕೆಂಡಾಗುತ್ತದೆ, ಹಾಡೂ ಎಳೆಯುತ್ತದೆ. ಕ್ಯಾಸೆಟ್ ಕೆಟ್ಟಿಲ್ಲ. ಕಲಿಯುವವರಿಗೆ ಇದು ಒಳ್ಳೆಯದೇ, ಪೆಟ್ಟು ಬರುವುದು ಕಣ್ಣಿಗೆ ಕಾಣುತ್ತದೆ. ಆದರೆ 50ರಲ್ಲಿ ಕೈಗೆ ಕೂಡಿಸಿಕೊಂಡ ಸಮಯದ ಲೆಕ್ಕ 60ರಲ್ಲಿ ತಪ್ಪುತ್ತದೆ. ನಿಜವಾದ ವೇಗವೇ ಬೇಕೆಂದರೆ 2023ರ ಸೆಪ್ಟೆಂಬರಿನಿಂದ ಈ ಆಟ ನಿಂಟೆಂಡೊದ ಸ್ವಿಚ್ ಆನ್‌ಲೈನ್ ಸೇವೆಯಲ್ಲಿದೆ.

ಚಿತ್ರ ಕದಡಿದರೆ, ಬರೀ ಬಣ್ಣದ ಪರದೆ ನಿಂತರೆ, ಹತ್ತರಲ್ಲಿ ಒಂಬತ್ತು ಸಲ ಕಾರಣ ಕಿಲುಬು. ಕರಾವಳಿಯ ಉಪ್ಪುಗಾಳಿಗೆ ಪಿನ್ನು ಮಂಕಾಗುತ್ತದೆ. ಊದಲೇಬೇಡಿ, ಎಂಜಲಿನ ತೇವ ಕಿಲುಬನ್ನು ಹೆಚ್ಚಿಸುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಹಿಂಡಿ, ಪಿನ್ನಿನ ಉದ್ದಕ್ಕೇ ಒರೆಸಿ. ಅಡ್ಡ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಬೀಳುತ್ತದೆ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಹೊಸ ಹೊಸ ಕಡ್ಡಿ. ಎರಡೂ ಬದಿ ಮರೆಯಬೇಡಿ. ಹತ್ತು ನಿಮಿಷ ಆರಲು ಬಿಟ್ಟೇ ಕ್ಯಾಸೆಟ್ ಹಾಕಿ, ಅದೂ ಸ್ವಿಚ್ ಆರಿಸಿದ ಮೇಲೆ.

ರಿಮೋಟಿನ ದಿಕ್ಕಿನ ಗುಂಡಿ ಒಂದು ಕಡೆಗೆ ಹಿಡಿಯದಿದ್ದರೆ ಸ್ಕ್ರೂ ಬಿಚ್ಚಿ, ರಬ್ಬರಿನ ಅಡಿಯ ಕಪ್ಪು ಚುಕ್ಕಿಯನ್ನೂ ಬೋರ್ಡಿನ ಗೆರೆಗಳನ್ನೂ ಅದೇ ಆಲ್ಕೊಹಾಲಿನಲ್ಲಿ ಹಗುರವಾಗಿ ಒರೆಸಿ. ದಿಕ್ಕಿನ ಗುಂಡಿ ತಪ್ಪಿದರೆ ಈ ಆಟದಲ್ಲಿ ವಿಶೇಷ ಪಟ್ಟುಗಳು ಸರಿಯಾಗಿ ಬೀಳವು.

ಜೂನಿಗೆ ಮುಂಚೆ ಕ್ಯಾಸೆಟ್ಟನ್ನು ಬಿಗಿ ಮುಚ್ಚಳದ ಡಬ್ಬಿಗೆ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ, ಆಟಿ ತಿಂಗಳು ಕಳೆಯುವ ತನಕ ಅಟ್ಟಕ್ಕೆ ಏರಿಸಬೇಡಿ.