ಮಬ್ಬು ಬಿಯರಿಗೆ ಅಂಕ ಕೊಡುವ ಬಗೆ: ಹೇಝಿ ಡಬಲ್ ಐಪಿಎ ಸವಿದು ಅಳೆಯುವುದು ಹೇಗೆ?

ಬೆಳಗಾವಿಯ ಟಿಳಕವಾಡಿಯಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೊಂದು ರವಿವಾರ ನಾವು ನಾಲ್ವರು ಸೇರಿ, ಒಂದೇ ಒಂದು ಕ್ಯಾನ್ ಬಿಯರನ್ನು ನಾಲ್ಕು ಗ್ಲಾಸುಗಳಿಗೆ ಹಂಚಿ, ಅದಕ್ಕೆ ಅಂಕ ಕೊಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಮೊದಲ ಕೆಲವು ತಿಂಗಳ ಹಾಳೆಗಳನ್ನು ಈಗ ತೆಗೆದು ನೋಡಿದರೆ ‘ಚಲೋ ಅದ’, ‘ಹಣ್ಣಿನ ವಾಸನೆ’, ‘ಹತ್ತಕ್ಕೆ ಎಂಟು’ ಎಂಬ ಮಾತುಗಳ ಹೊರತು ಮತ್ತೇನೂ ಕಾಣುವುದಿಲ್ಲ. ಯಾವ ಹಣ್ಣು, ಮಾಗಿದ್ದೋ ದೋರೆಯೋ, ಎಂಟೇ ಏಕೆ, ಏಳು ಏಕಲ್ಲ ಎಂದು ಕೇಳಿದ್ದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕಾರಣ ಬರೆಯಲಾಗದ ಅಂಕಕ್ಕೆ ಬೆಲೆಯಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಾಸನೆಯೇ ಪ್ರಧಾನವಾದ ಹೇಝಿ ಡಬಲ್ ಐಪಿಎ ಬಿಯರಿಗೆ ಅಂಕ ಕೊಡಬೇಕಾದವರು ಮೊದಲು ಮೂಗಿಗೆ ಹೆಸರುಗಳನ್ನು ಕಲಿಸಬೇಕು, ಆ ಹೆಸರುಗಳಲ್ಲಿ ಬಹುಪಾಲು ನಮ್ಮ ಪೇಟೆಯಲ್ಲೇ ಸಿಗುತ್ತವೆ.

ಮೊದಲು ಈ ಬಿಯರ್ ಏನೆಂಬುದನ್ನು ತಿಳಿಯೋಣ. ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ, ಇಂಗ್ಲೆಂಡಿನಿಂದ ಹಡಗುಗಳಲ್ಲಿ ಇಂಡಿಯಾಕ್ಕೆ ಬರುತ್ತಿದ್ದ, ಹಾಪ್ಸ್ ಹೆಚ್ಚು ಹಾಕಿದ ತಿಳಿಬಣ್ಣದ ಬಿಯರಿನಿಂದ ಬಂದ ಹೆಸರು. ಬ್ರಿಟಿಷ್ ದಂಡು ಬೀಡುಬಿಟ್ಟಿದ್ದ ನಮ್ಮೂರಿನ ಕ್ಯಾಂಪ್ ಪ್ರದೇಶದಲ್ಲಿ ಅಡ್ಡಾಡುವಾಗಲೆಲ್ಲ ಈ ಹೆಸರಿನೊಳಗಿನ ‘ಇಂಡಿಯಾ’ ನನಗೆ ನೆನಪಾಗುತ್ತದೆ. ಹಾಪ್ಸ್ ಎಂಬುದು ಒಂದು ಬಳ್ಳಿಯ ಹೂವು. ಬಿಯರಿನ ಕಹಿಯೂ ಘಮದ ಬಹುಭಾಗವೂ ಅದರಿಂದಲೇ ಬರುತ್ತವೆ. ಹಾಪ್ಸನ್ನೂ ಮಾಲ್ಟನ್ನೂ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಇನ್ನಷ್ಟು ಹೆಚ್ಚಿಸಿದರೆ ಡಬಲ್ ಐಪಿಎ ಆಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ಬ್ಲೈಂಡ್ ಪಿಗ್ ಬ್ರೂವರಿ 1994ರಲ್ಲಿ ಮಾಡಿದ ಬಿಯರನ್ನು ಇದರ ಮೊದಲ ಮಾದರಿಗಳಲ್ಲಿ ಒಂದೆಂದು ಎಣಿಸುತ್ತಾರೆ. ಹೇಝಿ, ಅಂದರೆ ಮಬ್ಬು, ಬಗೆಗೆ ಹೆಸರು ತಂದುಕೊಟ್ಟದ್ದು ವರ್ಮಾಂಟ್ ರಾಜ್ಯದ ದಿ ಆಲ್ಕೆಮಿಸ್ಟ್ ಬ್ರೂವರಿಯ ಶೇ 8ರಷ್ಟು ಆಲ್ಕೋಹಾಲಿನ ‘ಹೆಡಿ ಟಾಪರ್’. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ 2018ರಲ್ಲಿ ಈ ಬಗೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಓಟ್ಸ್ ಹಾಗೂ ಗೋಧಿಯ ಪ್ರೋಟೀನು, ಹುದುಗುವಾಗ ಮತ್ತು ಹುದುಗಿದ ಮೇಲೆ ಧಾರಾಳವಾಗಿ ಹಾಕುವ ಹಾಪ್ಸಿನ ಒಗರು ಅಂಶ, ಇವೆರಡೂ ಒಂದಕ್ಕೊಂದು ಅಂಟಿಕೊಂಡು ದ್ರವದಲ್ಲಿ ತೇಲುವುದರಿಂದ ಮಬ್ಬು ಉಂಟಾಗುತ್ತದೆ. ಅದನ್ನು ಸೋಸದೆ ಬಿಟ್ಟ ದೋಷವೆಂದು ತಿಳಿಯಬಾರದು.

ತಾಜಾತನ

ಈ ಬಿಯರಿನ ವಿಷಯದಲ್ಲಿ ಉಳಿದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕ್ಯಾನಿನ ತಳದಲ್ಲಿ ಅಚ್ಚಾದ ದಿನಾಂಕ. ಹಾಪ್ಸಿನ ಘಮ ಬಹಳ ಬೇಗ ಮಾಸುತ್ತದೆ. ಗಾಳಿಯ ಆಮ್ಲಜನಕ ಸ್ವಲ್ಪವೇ ಒಳಹೊಕ್ಕಿದ್ದರೂ ಬಂಗಾರದ ಬಣ್ಣ ಮಂಕಾಗಿ ಕಂದಿಗೆ ತಿರುಗುತ್ತದೆ. ತುಂಬಿದ ದಿನದಿಂದ ಫ್ರಿಜ್ಜಿನಲ್ಲೇ ಇದ್ದು ಎರಡು ತಿಂಗಳು ದಾಟದ ಕ್ಯಾನನ್ನು ಮಾತ್ರ ನಾವು ಅಂಕಕ್ಕೆ ತೆಗೆದುಕೊಳ್ಳುತ್ತೇವೆ. ಅದಕ್ಕಿಂತ ಹಳೆಯದಾದರೆ ಕುಡಿಯಬಹುದು, ಆದರೆ ಮಾಡಿದವರ ಕೈಗುಣಕ್ಕೆ ಅಂಕ ಹಾಕುವುದು ಅನ್ಯಾಯ.

ಇದನ್ನು ನಾನು ಕಲಿತದ್ದು ಒಂದು ಮೇ ತಿಂಗಳಲ್ಲಿ. ಬೆಂಗಳೂರಿನಿಂದ ತಂದ ಎರಡು ಕ್ಯಾನುಗಳಲ್ಲಿ ಒಂದನ್ನು ಮನೆಯ ಫ್ರಿಜ್ಜಿನಲ್ಲಿಟ್ಟೆ. ಇನ್ನೊಂದು ವಿಜಯಪುರದಲ್ಲಿ ಸಂಬಂಧಿಕರ ಮದುವೆ ಮುಗಿಯುವವರೆಗೆ ಮೂರು ದಿನ ಕಾರಿನ ಡಿಕ್ಕಿಯಲ್ಲಿ ಕಾದು ಮರಳಿತು. ಎರಡನ್ನೂ ಪಕ್ಕಪಕ್ಕದಲ್ಲಿ ಸುರಿದಾಗ ಫ್ರಿಜ್ಜಿನದು ಹಿಂಡಿದ ಮೋಸಂಬಿ ರಸದಂತೆ ಹೊಳೆಯುತ್ತಿತ್ತು, ಬಿಸಿಲಿನದು ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣಕ್ಕೆ ಬಂದಿತ್ತು. ಮೂಗಿಗೆ ಹಿಡಿದರೆ ಹಣ್ಣಿನ ಬದಲು ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ ವಾಸನೆ, ಅದರ ಹಿಂದೆ ಹಳೆಯ ಬೆಲ್ಲ. ಎರಡೂ ಒಂದೇ ದಿನ ತುಂಬಿದ ಕ್ಯಾನುಗಳು. (ಗೋವಾ ಹತ್ತಿರವೆಂದು ಅಲ್ಲಿಂದ ಪರವಾನಗಿಯಿಲ್ಲದೆ ಬಿಯರ್ ತರುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ, ಚೋರ್ಲಾ ಘಾಟಿನ ದಾರಿಯಲ್ಲಿ ಬರುವವರು ಇದನ್ನು ಮರೆಯಬಾರದು.)

ಪೇಟೆಯಲ್ಲಿ ಮೂಗಿನ ಪಾಠ

ಸವಿಯುವ ಹಿಂದಿನ ದಿನ ಗಣಪತ ಗಲ್ಲಿಯ ಕಡೆ ಒಂದು ಸುತ್ತು ಹೋಗಿ ಬರಬೇಕೆಂಬುದು ನನ್ನ ಸಲಹೆ. ಇದು ತಯಾರಿಯ ಮುಖ್ಯ ಭಾಗ. ಮಾಗಿದ ಪೇರಲ, ಒಂದು ಮೋಸಂಬಿ, ಅನಾನಸಿನ ಹೋಳು, ಇಂಡಿ ಊರಿನ ಲಿಂಬೆ, ವಿಜಯಪುರದ ಬಿಳಿ ದ್ರಾಕ್ಷಿ, ಕಾಲವಿದ್ದರೆ ಒಂದು ಆಪೂಸ್ ಮಾವು, ಕಿರಾಣಿ ಅಂಗಡಿಯಿಂದ ಒಂದು ಹಿಡಿ ಹವೀಜ (ಕೊತ್ತಂಬರಿ ಬೀಜ), ಇಷ್ಟು ಸಾಕು. ಒಂದೊಂದನ್ನೂ ಕೊಯ್ದು ಅಥವಾ ಜಜ್ಜಿ ಕಣ್ಣುಮುಚ್ಚಿ ಮೂಸಿ, ಮನಸ್ಸಿಗೆ ಬಂದ ಮಾತನ್ನು ಬರೆದಿಡಬೇಕು.

ಹೀಗೆ ಮಾಡುವುದಕ್ಕೆ ಬರಿಯ ಹೋಲಿಕೆಯ ಅನುಕೂಲವಷ್ಟೇ ಕಾರಣವಲ್ಲ. ಪೇರಲಕ್ಕೆ ಆ ಗಾಢವಾದ, ತುಸು ಬೆವರಿನ ಛಾಯೆಯ ಘಮ ಕೊಡುವ ಥಯಾಲ್ ಎಂಬ ಗಂಧಕಯುಕ್ತ ವಸ್ತುಗಳು ಹಾಪ್ಸಿನಲ್ಲಿಯೂ ಇರುತ್ತವೆ. ಹವೀಜವನ್ನು ಜಜ್ಜಿದಾಗ ಏಳುವ ಲಿನಲೂಲ್ ಎಂಬ ಘಮದ ವಸ್ತು ಹಾಪ್ಸಿನ ಎಣ್ಣೆಯಲ್ಲಿದೆ. ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿರುವ ಮೈರ್ಸೀನ್ ಹಾಪ್ಸಿನ ಎಣ್ಣೆಯಲ್ಲಿ ಹೇರಳವಾಗಿದೆ. ಹಾಗಾಗಿಯೇ ಕೆಲವು ಐಪಿಎಗಳಲ್ಲಿ ಹಣ್ಣಿಗಿಂತ ಮೊದಲು ಆ ಹಸಿರು ಸೊನೆಯ ಖಾರ ಮೂಗಿಗೆ ತಾಗುತ್ತದೆ. ಗ್ಲಾಸಿನಲ್ಲಿ ಪೇರಲ ಕಂಡವರು ಕಲ್ಪಿಸಿಕೊಂಡು ಹೇಳುತ್ತಿಲ್ಲ, ಅಲ್ಲಿ ಪೇರಲದ ವಾಸನೆಯೇ ಇದೆ. ಕ್ಯಾನಿನ ಮೇಲೆ ಬರೆದ ಹಾಪ್ಸಿನ ಹೆಸರುಗಳೂ ಆಗ ಅರ್ಥ ಕೊಡತೊಡಗುತ್ತವೆ: ಸಿಟ್ರಾ ಇದ್ದರೆ ಮೋಸಂಬಿ ಸಿಪ್ಪೆ ಮತ್ತು ಮಾವಿನ ಕಡೆ ಗಮನವಿಡಬಹುದು, ನ್ಯೂಝಿಲೆಂಡಿನ ನೆಲ್ಸನ್ ಸಾವಿನ್ ಇದ್ದರೆ ಬಿಳಿ ದ್ರಾಕ್ಷಿಯನ್ನು ಹುಡುಕಬಹುದು. ಮೊಸಾಯಿಕ್ ಅಥವಾ ಸಿಮ್ಕೋ ಇದ್ದಾಗ ಕೆಲವೊಮ್ಮೆ ಹೆಚ್ಚಿದ ಉಳ್ಳಾಗಡ್ಡಿಯ ವಾಸನೆ ಸುಳಿಯುತ್ತದೆ. ಕೊಯ್ಲು ತಡವಾದ ಹಾಪ್ಸಿನಲ್ಲಿ ಅದು ಹೆಚ್ಚು. ಹಣ್ಣಿನ ಹಿಂದೆ ಎಳೆಯಾಗಿ ಇದ್ದರೆ ನಾನು ಸಹಿಸುತ್ತೇನೆ, ಮುಂದೆ ಬಂದು ನಿಂತರೆ ಅಂಕ ಕಳೆಯುತ್ತೇನೆ.

ಮನೆಯಲ್ಲಿ ಸಿದ್ಧತೆ

ಸವಿಯಲು ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು. ಅಂದು ಕೋಣೆಯಲ್ಲಿ ಊದುಬತ್ತಿ ಇರಬಾರದು, ಯಾರೂ ಅತ್ತರು ಹಚ್ಚಿಕೊಂಡಿರಬಾರದು, ಎಲೆಅಡಿಕೆ ಜಗಿದಿರಬಾರದು. ತಿಂಡಿಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಮನಸ್ಸು ಗಟ್ಟಿ ಬೇಕು: ಮಿರ್ಚಿ ಭಜಿ, ಶೇಂಗಾ ಹಿಂಡಿ, ರಂಜಕ ಇವೆಲ್ಲ ಅಂಕದ ಹಾಳೆ ಮಡಚಿದ ಮೇಲೆಯೇ ಬರಬೇಕು, ಏಕೆಂದರೆ ಖಾರ ತಾಗಿದ ನಾಲಿಗೆಗೆ ಕಹಿ ಮತ್ತು ಆಲ್ಕೋಹಾಲ್ ಎರಡೂ ಉರಿಯಾಗಿ ಕಾಣುತ್ತವೆ. ನಡುನಡುವೆ ಬಾಯಿ ತೊಳೆಯಲು ನೀರು, ಎಳ್ಳು ಹಚ್ಚದ ಖಡಕ್ ಜೋಳದ ರೊಟ್ಟಿಯ ಚೂರು, ಇವಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಗ್ಲಾಸು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರಬೇಕು. ವೈನ್ ಗ್ಲಾಸಾದರೂ ನಡೆಯುತ್ತದೆ. ಸೋಪಿನ ಅಂಶ ನೊರೆಯನ್ನು ಕೊಲ್ಲುವುದರಿಂದ ಬಿಸಿನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಹೆಡಿ ಟಾಪರಿನ ಕ್ಯಾನಿನ ಮೇಲೆ ‘ಕ್ಯಾನಿನಿಂದಲೇ ಕುಡಿಯಿರಿ’ ಎಂದು ಅಚ್ಚುಹಾಕಿದ್ದಾರೆ. ಘಮ ಹಾರಿಹೋಗಬಾರದೆಂಬ ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಬಣ್ಣ ನೋಡದೆ, ಮೂಗನ್ನು ಗ್ಲಾಸಿನೊಳಗೆ ಇಳಿಸದೆ ಅಂಕ ಕೊಡಲು ಬರುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟರೆ ಬಿಯರ್ 8ರಿಂದ 10 ಡಿಗ್ರಿ ಸೆಲ್ಸಿಯಸ್ಸಿಗೆ ಬರುತ್ತದೆ, ಅದು ಸರಿಯಾದ ಹದ. ಬಾಗಲಕೋಟೆ, ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಐದು ನಿಮಿಷವೂ ಹೆಚ್ಚೇ. ತಲೆಗೆ ನೂರು, ನೂರಿಪ್ಪತ್ತು ಮಿಲಿಲೀಟರ್ ಸಾಕು. ಶೇ 8ರ 500 ಮಿಲಿಲೀಟರ್ ಕ್ಯಾನಿನಲ್ಲಿ 40 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇರುತ್ತದೆ, ಶೇ 5ರ 650 ಮಿಲಿಲೀಟರ್ ದೊಡ್ಡ ಬಾಟಲಿಯಲ್ಲಿರುವುದು 32.5 ಮಾತ್ರ. ಹಣ್ಣಿನ ರಸದಂತೆ ಸಲೀಸಾಗಿ ಇಳಿಯುವ ಈ ಬಿಯರ್ ಆ ಬಲವನ್ನು ಬಚ್ಚಿಡುತ್ತದೆ. 21 ವರ್ಷ ತುಂಬದವರು, ಗಾಡಿ ಓಡಿಸಬೇಕಾದವರು ಈ ಮೇಜಿಗೆ ಕೂರಬಾರದು.

ನೋಡಿ, ಮೂಸಿ, ಸವಿದು

ಅಂಕಕ್ಕೆ ನಾವು ಬಳಸುವುದು 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಮಿನ 50 ಅಂಕಗಳ ಹಾಳೆ. ಅದರಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೊಡುವ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10 ಅಂಕಗಳಿವೆ. ಮಬ್ಬು ಎಷ್ಟೇ ಚೆಂದವಾಗಿದ್ದರೂ ಅದಕ್ಕೆ ಸಿಗುವುದು ಮೂರರೊಳಗೇ ಎಂಬುದನ್ನು ಗಮನಿಸಬೇಕು.

ಕ್ಯಾನನ್ನು ಕುಲುಕದೆ ಸುರಿಯಬೇಕು. ಸುರಿದ ಕೂಡಲೇ, ಬಣ್ಣ ನೋಡುವುದಕ್ಕೂ ಮುಂಚೆ, ಎರಡು ಮೂರು ಚಿಕ್ಕ ಉಸಿರು ಎಳೆದುಕೊಂಡು ಮೂಸಬೇಕು, ಏಕೆಂದರೆ ಅತಿ ಹಗುರವಾದ ವಾಸನೆಗಳು ಮೊದಲ ಕ್ಷಣಗಳಲ್ಲಿಯೇ ಹಾರಿಹೋಗುತ್ತವೆ. ಈ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಒಬ್ಬರು ‘ಅನಾನಸ್’ ಎಂದರೆ ಉಳಿದವರ ಮೂಗೂ ಅತ್ತಲೇ ವಾಲುತ್ತದೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನಿನ ವಾಸನೆ ಬಂದರೆ ಅದು ಡೈಅಸಿಟೈಲ್ ಎಂಬ ದೋಷ, ಹುದುಗು ಸರಿಯಾಗಿ ಮುಗಿಯದ ಗುರುತು. ಮಾಲ್ಟಿನ ವಾಸನೆ ಹಸಿ ಬ್ರೆಡ್ಡಿನಷ್ಟು ತೆಳುವಾಗಿರಬೇಕು; ಬೆಳಗಾವಿ ಕುಂದಾದಂತೆ ಕೆಂಪಗೆ ಕಾಯಿಸಿದ ಹಾಲುಸಕ್ಕರೆಯ ಘಮ, ಅದೆಷ್ಟೇ ಪ್ರಿಯವಾದರೂ, ಈ ಬಗೆಯ ಬಿಯರಿನಲ್ಲಿ ಇರಬೇಕಾದದ್ದಲ್ಲ.

ಬಣ್ಣ ಹುಲ್ಲಿನ ಹಳದಿಯಿಂದ ಗಾಢ ಬಂಗಾರದವರೆಗೆ ಇರಬಹುದು. ಮಬ್ಬು ಸಮನಾಗಿ ಹರಡಿರಬೇಕು. ಗಂಟು ಗಂಟಾಗಿ ತೇಲುತ್ತಿದ್ದರೆ ಒಂದು ಅಂಕ ಕಳೆಯಬಹುದು.

ರುಚಿಯ ಮೊದಲ ಗುಟುಕನ್ನು ಲೆಕ್ಕಕ್ಕೆ ಹಿಡಿಯದೆ ಬಾಯಿಯನ್ನು ಒಗ್ಗಿಸಿಕೊಳ್ಳಲು ಬಿಡಬೇಕು. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹರಿಸಿ ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಬೇಕು. ಹಣ್ಣಿನ ರುಚಿ ಎಂದು ನಾವು ಕರೆಯುವುದು ಬಹುಮಟ್ಟಿಗೆ ಗಂಟಲ ಹಿಂದಿನಿಂದ ಹೀಗೆ ಮೂಗಿಗೆ ಏರುವ ವಾಸನೆಯೇ. ಕಹಿ ಇರಬೇಕು, ಆದರೆ ಹಣ್ಣಿನ ಹಿಂದೆ ನಿಂತು ಸಿಹಿಯನ್ನು ಹಿಡಿದಿಡುವಷ್ಟೇ ಇರಬೇಕು. ನುಂಗಿದ ಮೇಲೆ ಹತ್ತು ಎಣಿಸಿ ಏನು ಉಳಿಯಿತೆಂದು ನೋಡಿದರೆ ಹೆಚ್ಚಿನ ದೋಷಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಓಟ್ಸಿನಿಂದಾಗಿ ಬಿಯರ್ ಜೋಳದ ಅಂಬಲಿಯ ತಿಳಿಯಂತೆ ನುಣುಪಾಗಿ, ತುಂಬಿದಂತೆ ಇಳಿಯಬೇಕು. ಬಿಯರ್ ಮಾಡುವವರು ನೀರಿನಲ್ಲಿ ಸಲ್ಫೇಟಿಗಿಂತ ಕ್ಲೋರೈಡ್ ಹೆಚ್ಚಿರುವಂತೆ ನೋಡಿಕೊಳ್ಳುವುದೂ ಈ ನುಣುಪಿಗಾಗಿಯೇ. ಸರಿಯಾಗಿ ಬೇಯದ ಸುವರ್ಣಗಡ್ಡೆ ತಿಂದಂತೆ ಗಂಟಲು ಕೆರೆದರೆ, ಅದು ತೀರ ಹೊಸ ಬಿಯರಿನಲ್ಲಿ ಹಾಪ್ಸಿನ ಸಣ್ಣ ಕಣಗಳು ಇನ್ನೂ ತಳಕ್ಕೆ ಇಳಿಯದಿರುವ ಲಕ್ಷಣ. ಎರಡು ಮೂರು ವಾರ ಬಿಟ್ಟರೆ ಬಹಳಷ್ಟು ತಗ್ಗುತ್ತದೆ. ಎದೆಯಲ್ಲಿ ತುಸು ಬೆಚ್ಚಗಾಗುವುದು ಸಹಜ, ಉರಿಯುವುದು ದೋಷ.

ಅಂಕ ಹಾಕುವುದು

ಮಾತುಗಳನ್ನು ಬರೆದು ಮುಗಿಸಿದ ಮೇಲೆಯೇ ಅಂಕ ಬರೆಯಬೇಕು. ಕಳೆದ ಚಳಿಗಾಲದ ನನ್ನ ಒಂದು ಹಾಳೆ ಹೀಗಿದೆ. ವಾಸನೆ: ಮಾಗಿದ ಪೇರಲ, ಮೋಸಂಬಿ ಸಿಪ್ಪೆ, ಹಿಂದೆ ಸಣ್ಣಗೆ ಉಳ್ಳಾಗಡ್ಡಿ, 9. ನೋಟ: ದಟ್ಟ ಹಳದಿ, ನೊರೆ ಕೊನೆಯವರೆಗೂ ನಿಂತಿತು, 3. ರುಚಿ: ಪೇರಲ ಮುಂದುವರಿಯಿತು, ಆದರೆ ಕೊನೆಯ ಕಹಿ ಒಗರಾಗಿ ಹಲ್ಲಿಗೆ ಅಂಟಿತು, 14. ಬಾಯಿ: ನುಣುಪು, ಗಂಟಲಲ್ಲಿ ಚೂರು ಕೆರೆತ, 4. ಒಟ್ಟಾರೆ: 7. ಕೂಡಿದರೆ 37. ಈ ಪದ್ಧತಿಯಲ್ಲಿ 30ರಿಂದ 37 ‘ಬಹಳ ಚೆನ್ನಾಗಿದೆ’, 38ರಿಂದ 44 ‘ಅತ್ಯುತ್ತಮ’, 45ಕ್ಕೆ ಮೇಲೆ ಬಗೆಗೇ ಮಾದರಿಯಾಗುವಂಥದ್ದು. ಒಂದು ಅಂಕ ಸೇರಿಸಿ 38 ಮಾಡಲು ಮನಸ್ಸಾಗಿತ್ತು, ಆದರೆ ಆ ಒಗರನ್ನು ಬರೆದಿಟ್ಟ ಮೇಲೆ ಸೇರಿಸಲು ಕಾರಣ ಸಿಗಲಿಲ್ಲ. ಹಾಳೆಯ ಮೂಲೆಯಲ್ಲಿ ‘ನನಗೆ ಇಷ್ಟ: ಹತ್ತಕ್ಕೆ ಒಂಬತ್ತು’ ಎಂದು ಬೇರೆಯಾಗಿ ಬರೆದಿದ್ದೇನೆ. ಇಷ್ಟದ ಅಂಕವನ್ನೂ ಬಗೆಯ ಅಂಕವನ್ನೂ ಒಂದೇ ಮೊತ್ತದಲ್ಲಿ ಬೆರೆಸಬಾರದು.

ಎಲ್ಲರೂ ಬರೆದಾದ ಮೇಲೆ ಹಾಳೆಗಳನ್ನು ಮೇಜಿನ ಮೇಲಿಟ್ಟು ಓದಬೇಕು. ಅಂಕಗಳ ನಡುವೆ ಏಳಕ್ಕಿಂತ ಹೆಚ್ಚು ಅಂತರವಿದ್ದರೆ ಮತ್ತೊಂದು ಗುಟುಕು ತೆಗೆದುಕೊಂಡು ಚರ್ಚಿಸುವುದು ರೂಢಿ. ಅದಕ್ಕಾಗಿ ಗ್ಲಾಸಿನಲ್ಲಿ ಎರಡು ಗುಟುಕು ಉಳಿಸಿಕೊಂಡಿರಬೇಕು. ಇಪ್ಪತ್ತು ನಿಮಿಷಗಳಲ್ಲಿ ಬಿಯರ್ ಬೆಚ್ಚಗಾಗಿ, ತಂಪಿನಲ್ಲಿ ಅಡಗಿದ್ದ ಬೆಣ್ಣೆಯೋ ಆಲ್ಕೋಹಾಲಿನ ಉರಿಯೋ ಆಗ ಹೊರಬರುತ್ತದೆ. ಅಂಕ ಬದಲಿಸುವುದಾದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆದು, ಕ್ಯಾನಿನ ದಿನಾಂಕವನ್ನೂ ಸವಿದ ದಿನಾಂಕವನ್ನೂ ನಮೂದಿಸಬೇಕು. ಸಾಧ್ಯವಾದರೆ ಅದೇ ದಿನ ತುಂಬಿದ ಎರಡನೆಯ ಕ್ಯಾನನ್ನು ಫ್ರಿಜ್ಜಿನ ಹಿಂಬದಿಯಲ್ಲಿಟ್ಟು, ಒಂದು ತಿಂಗಳ ನಂತರ ಹಳೆಯ ಹಾಳೆ ನೋಡದೆ ಹೊಸ ಹಾಳೆ ತುಂಬಿ, ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.