ಜಿಂಕ್ ಆಕ್ಸೈಡ್‌ಗೆ ನ್ಯಾನೊಟ್ಯೂಬ್ ಬೆರೆಸಿ ಬೆಳಕು ಅಳೆಯುವುದು ಹೇಗೆ

ಎಂಎಸ್ಸಿ ಪ್ರಾಜೆಕ್ಟ್‌ಗೆ ಬರುವ ಮಕ್ಕಳಿಗೆ ನಾನು ಮೊದಲು ಹೇಳುವ ಕೆಲಸ ಒಂದೇ. ಲ್ಯಾಬಿನ ದೀಪ ಆರಿಸಿ, ಯುವಿ ಕನ್ನಡಕ ಹಾಕಿಕೊಂಡು, 365 ನ್ಯಾನೊಮೀಟರ್ ಟಾರ್ಚನ್ನು ಎರಡು ಬಾಟಲಿಗಳಿಗೆ ಹಿಡಿಯಿರಿ. ಒಂದರಲ್ಲಿ ಬರೀ ಜಿಂಕ್ ಆಕ್ಸೈಡ್. ಅದು ಹಳದಿ-ಹಸಿರಾಗಿ ಹೊಳೆಯುತ್ತದೆ. ಇನ್ನೊಂದರಲ್ಲಿ ಅದೇ ಜಿಂಕ್ ಆಕ್ಸೈಡ್, ಜೊತೆಗೆ ನೂರಕ್ಕೆ ಒಂದು ಪಾಲು ಕಾರ್ಬನ್ ನ್ಯಾನೊಟ್ಯೂಬ್, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆಗಳು. ಅದು ಮಂಕು. "ಎಲೆಕ್ಟ್ರಾನ್ ಟ್ಯೂಬಿಗೆ ಹೋಯ್ತು ಮೇಡಂ" ಅಂತ ಎಲ್ಲರೂ ಹೇಳುತ್ತಾರೆ. ಬೆಳಕು ಕೊಡಬೇಕಿದ್ದ ಎಲೆಕ್ಟ್ರಾನ್ ಹಾಗೆ ಹೋಗಿರಬಹುದು. ಆದರೆ ಕರಿ ಪುಡಿ ಸುಮ್ನೆ ಬೆಳಕು ನುಂಗಿರಲೂಬಹುದು, ಅಲ್ವಾ? ಇವೆರಡನ್ನು ಬೇರೆ ಮಾಡಿ ತೋರಿಸುವುದೇ ಈ ಪ್ರಯೋಗದ ಜೀವ.

ಜಿಂಕ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯಲು ಬೇಕಾದ ಶಕ್ತಿ, ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್. ಅದರಿಂದ ಎರಡು ಬಗೆಯ ಬೆಳಕು ಬರುತ್ತದೆ. 380 ನ್ಯಾನೊಮೀಟರ್ ಹತ್ತಿರ ಕಣ್ಣಿಗೆ ಕಾಣದ ಚೂಪು ಪೀಕ್. 500ರಿಂದ 600ರ ನಡುವೆ ಅಗಲವಾದ ಗುಡ್ಡ. ಈ ಗುಡ್ಡ ಹರಳಿನೊಳಗಿನ ಮತ್ತು ಮೇಲ್ಮೈಯ ದೋಷಗಳಿಂದ ಬರುವಂಥದ್ದು. ಯಾವ ದೋಷ ಅನ್ನುವ ವಾದ ಇನ್ನೂ ಮುಗಿದಿಲ್ಲ. ಹಾಗಾಗಿ ವರದಿಯಲ್ಲಿ ಒಂದೇ ಹೆಸರು ಹಿಡಿದು ಗಟ್ಟಿಯಾಗಿ ಬರೆಯಬೇಡಿ.

ಮೊದಲು ಟ್ಯೂಬ್ ತಯಾರಿ. ಬಹುಪದರದ ಟ್ಯೂಬ್ ಸಾಕು. ತೂಗುವಾಗ ಮಾಸ್ಕ್ ಬೇಕೇ ಬೇಕು, ಆ ಮಸಿ ಉಸಿರಿಗೆ ಹೋಗಬಾರದು. ಸಲ್ಫ್ಯೂರಿಕ್ ಮೂರು ಪಾಲು, ನೈಟ್ರಿಕ್ ಒಂದು ಪಾಲು ಬೆರೆಸಿ, 200 ಮಿಲಿಗ್ರಾಂ ಟ್ಯೂಬನ್ನು 40 ಮಿಲಿಲೀಟರ್‌ನಲ್ಲಿ ಹಾಕಿ. ಫ್ಯೂಮ್ ಹುಡ್ ಒಳಗೆ ಮೂರು ಗಂಟೆ ಸೋನಿಕೇಟ್ ಮಾಡಿ, ಅಂದರೆ ಶಬ್ದದ ಅಲೆಗಳಿಂದ ಅಲುಗಾಡಿಸಿ. ಆಮೇಲೆ ಅದನ್ನು ಐಸ್ ನೀರಿಗೆ ನಿಧಾನ ಸುರಿಯಿರಿ. ಆಸಿಡ್ ನೀರಿಗೆ ಹೋಗಬೇಕು, ನೀರು ಆಸಿಡ್‌ಗೆ ಹೋಗಬಾರದು. ಟೆಫ್ಲಾನ್ ಫಿಲ್ಟರ್‌ನಲ್ಲಿ ಸೋಸಿ, ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆಯಿರಿ. ಇದು ಬೇಸರದ ಕೆಲಸ, ಅರ್ಧ ದಿನ ಹಿಡಿಯುತ್ತದೆ. ಆದರೆ ಟ್ಯೂಬಿನ ಮೈಮೇಲೆ ಕಾರ್ಬಾಕ್ಸಿಲ್ ಗುಂಪುಗಳು ಮೂಡಿದರೆ ಜಿಂಕ್ ಅಯಾನು ಹಿಡಿದುಕೊಳ್ಳಲು ಜಾಗ ಸಿಗುತ್ತದೆ.

ಇನ್ನು ಜಿಂಕ್ ಆಕ್ಸೈಡ್. 2.95 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಅನ್ನು 125 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿ. ಇದರಿಂದ ಸುಮಾರು ಒಂದು ಗ್ರಾಂ ಆಕ್ಸೈಡ್ ಬರುತ್ತದೆ. ಹಾಗಾಗಿ ಶೇಕಡಾ 1ರ ಸ್ಯಾಂಪಲ್‌ಗೆ 10 ಮಿಲಿಗ್ರಾಂ ಟ್ಯೂಬ್ ಸಾಕು. ಟ್ಯೂಬನ್ನು ಇದೇ ದ್ರಾವಣದಲ್ಲಿ ಅರ್ಧ ಗಂಟೆ ಸೋನಿಕೇಟ್ ಮಾಡಿ. ಆಮೇಲೆ 60ರಿಂದ 65 ಡಿಗ್ರಿಯಲ್ಲಿ ಕಂಡೆನ್ಸರ್ ಹಾಕಿ ಕಲಕುತ್ತಾ, 65 ಮಿಲಿಲೀಟರ್ ಮೆಥನಾಲ್‌ನಲ್ಲಿ ಕರಗಿಸಿದ 1.48 ಗ್ರಾಂ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನು ಹನಿ ಹನಿಯಾಗಿ ಬಿಡಿ. ಮಳೆಗಾಲದಲ್ಲಿ ಈ ಹರಳುಗಳು ತೂಗುವಷ್ಟರಲ್ಲೇ ಒದ್ದೆಯಾಗುತ್ತವೆ, ಬೇಗ ತೂಗಿ. ಮೆಥನಾಲ್ ಬೆಂಕಿಗೂ ವಿಷಕ್ಕೂ ಹೆಸರಾದದ್ದು, ಹತ್ತಿರ ಜ್ವಾಲೆ ಇರಬಾರದು. ಎರಡು ಗಂಟೆ ಬಿಟ್ಟು ಸೆಂಟ್ರಿಫ್ಯೂಜ್ ಮಾಡಿ, ಮೆಥನಾಲ್‌ನಿಂದ ಎರಡು ಸಲ ತೊಳೆಯಿರಿ. ಒಣಗಿಸಿ ಇನ್ನೂ ಕಾಯಿಸುವುದಿದ್ದರೆ ಆರ್ಗಾನ್‌ನಲ್ಲಿ ಕಾಯಿಸಿ. ಗಾಳಿಯಲ್ಲಿ ಜಾಸ್ತಿ ಬಿಸಿ ಮಾಡಿದರೆ ಟ್ಯೂಬ್ ಉರಿದುಹೋಗುತ್ತದೆ.

ಇದರ ಜೊತೆಗೇ ಇನ್ನೆರಡು ಸ್ಯಾಂಪಲ್ ಮಾಡಿ. ಒಂದು, ಟ್ಯೂಬ್ ಹಾಕದೆ ಅದೇ ದಿನ ಮಾಡಿದ ಆಕ್ಸೈಡ್. ಇನ್ನೊಂದು, ಬೇರೆ ಬೇರೆಯಾಗಿ ಮಾಡಿದ ಆಕ್ಸೈಡ್ ಪುಡಿ ಮತ್ತು ಟ್ಯೂಬ್ ಅನ್ನು ಅದೇ ಅಳತೆಯಲ್ಲಿ ಅಗೇಟ್ ಮಾರ್ಟರ್‌ನಲ್ಲಿ ಹಗುರವಾಗಿ ಬೆರೆಸಿದ್ದು. ಈ ಎರಡನೆಯದನ್ನು ಯಾರೂ ಮಾಡುವುದಿಲ್ಲ. ನಾನು ಇದಕ್ಕೇ ಹಟ ಹಿಡಿಯುತ್ತೇನೆ. ಬರೀ ಬೆರೆಸಿದ ಪುಡಿಯೂ ಹೈಬ್ರಿಡ್‌ನಷ್ಟೇ (ಟ್ಯೂಬಿನ ಜೊತೆಯಲ್ಲೇ ಬೆಳೆಸಿದ ಮೊದಲ ಸ್ಯಾಂಪಲ್‌ನಷ್ಟೇ) ಮಂಕಾದರೆ, ಎಲೆಕ್ಟ್ರಾನ್ ಕಥೆ ಹೇಳಲು ನಿಮ್ಮ ಕೈಯಲ್ಲಿ ಇನ್ನೂ ಆಧಾರವಿಲ್ಲ.

ಹೊಮ್ಮುವ ಬೆಳಕನ್ನು ಯಂತ್ರದಲ್ಲಿ ಅಳೆಯುವಾಗ 325 ನ್ಯಾನೊಮೀಟರ್‌ನಲ್ಲಿ ಪ್ರಚೋದಿಸಿ, 345ರ ಆಸುಪಾಸಿನ ಲಾಂಗ್‌ಪಾಸ್ ಫಿಲ್ಟರ್ (ಅದಕ್ಕಿಂತ ಉದ್ದದ ಅಲೆಗಳನ್ನಷ್ಟೇ ಬಿಡುವ ಗಾಜು) ಹಾಕಿ. ಇಲ್ಲದಿದ್ದರೆ ಬೆಳಕನ್ನು ಅಲೆಗಳಾಗಿ ಬಿಡಿಸುವ ಗ್ರೇಟಿಂಗ್‌ನ ಎರಡನೇ ಆರ್ಡರ್‌ನಿಂದ, 325ರ ಬೆಳಕೇ ದುಪ್ಪಟ್ಟು ಅಲೆಯಲ್ಲಿ ಕಾಣಿಸಿಕೊಂಡು, ಸರಿಯಾಗಿ 650ರಲ್ಲಿ ಸುಳ್ಳು ಪೀಕ್ ನಿಲ್ಲುತ್ತದೆ. ದ್ರಾವಣವಾದರೆ ಕ್ವಾರ್ಟ್ಜ್ ಕ್ಯೂವೆಟ್ (ಅಳೆಯುವ ಪುಟ್ಟ ಪಾತ್ರೆ), ಮತ್ತು ಅಬ್ಸಾರ್ಬೆನ್ಸ್ (ಸ್ಯಾಂಪಲ್ ಎಷ್ಟು ಬೆಳಕು ನುಂಗುತ್ತದೆ ಅನ್ನುವ ಅಳತೆ) 0.1ಕ್ಕಿಂತ ಕಡಿಮೆ ಇರುವಷ್ಟು ತೆಳು. ಸ್ಯಾಂಪಲ್ ತಾನೇ ನುಂಗಿದ ಬೆಳಕಿಗೆ ತಿದ್ದುಪಡಿಯೂ ಸುಲಭ. ಪ್ರಚೋದನೆಯ ಅಲೆಯಲ್ಲಿನ ಅಬ್ಸಾರ್ಬೆನ್ಸ್, ಹೊಮ್ಮುವ ಅಲೆಯಲ್ಲಿನ ಅಬ್ಸಾರ್ಬೆನ್ಸ್ ಎರಡನ್ನೂ ಕೂಡಿಸಿ ಅರ್ಧ ಮಾಡಿ. 10ಕ್ಕೆ ಅದನ್ನು ಘಾತವಾಗಿಟ್ಟು, ಬಂದದ್ದರಿಂದ ತೀವ್ರತೆಯನ್ನು ಗುಣಿಸಿ. ಕೂಡಿಸಿದ್ದು 0.2 ಆದರೆ ಗುಣಕ 1.26. ಅಂದರೆ ಕಾಣೆಯಾದ ಬೆಳಕಿನ ಒಂದು ಪಾಲು ಇಲ್ಲೇ ವಾಪಸ್ ಸಿಗುತ್ತದೆ.

ಒಂದು ಸಲ ನನಗೆ 440ರಲ್ಲಿ ಚೆಂದದ ನೀಲಿ ಪೀಕ್ ಬಂತು. ಎರಡು ವಾರ ಅದನ್ನು ಹೊಸ ದೋಷದ ಗುರುತು ಅಂತಲೇ ನಂಬಿದ್ದೆ. ಖಾಲಿ ಕ್ಯೂವೆಟ್ ಇಟ್ಟು ನೋಡಿದರೆ ಅಲ್ಲೂ ಅದೇ ಪೀಕ್. ಒರೆಸಿದ ಟಿಶ್ಯೂವಿನ ನಾರು, ತೊಳೆದ ಸೋಪಿನ ಹೊಳಪು ಪುಡಿ. ಆ ದಿನ ತುಂಬ ನೊಂದಿದ್ದೆ. ಅಂದಿನಿಂದ ಖಾಲಿ ಕ್ಯೂವೆಟ್, ಬರೀ ಮೆಥನಾಲ್ ಇವೆರಡರ ಸ್ಪೆಕ್ಟ್ರಮ್ ಇಲ್ಲದೆ ಯಾರ ಡೇಟಾವನ್ನೂ ನೋಡುವುದಿಲ್ಲ.

ಸಾಧ್ಯವಾದರೆ ಲೈಫ್‌ಟೈಮ್, ಅಂದರೆ ಪ್ರಚೋದನೆ ನಿಂತ ಮೇಲೆ ಹೊಳಪು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದನ್ನು, ಅಳೆಸಿ. ಕರಿ ನೆರಳಿನಿಂದ ಬೆಳಕು ಕಡಿಮೆಯಾಗಿದ್ದರೆ ಲೈಫ್‌ಟೈಮ್ ಬದಲಾಗುವುದಿಲ್ಲ. ಎಲೆಕ್ಟ್ರಾನ್ ಟ್ಯೂಬಿಗೆ ಹಾರುತ್ತಿದ್ದರೆ ಸಾಮಾನ್ಯವಾಗಿ ಅದು ಗಿಡ್ಡವಾಗುತ್ತದೆ. ಆದರೆ ಟ್ಯೂಬಿಗೆ ಅಂಟಿ ಪೂರ್ತಿ ಆರಿಹೋದ ಕಣಗಳು ಈ ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದು ನೆನಪಿರಲಿ. ಅದಕ್ಕೇ ಮೇಲಿನ ಮೂರೂ ಸ್ಯಾಂಪಲ್ ಒಟ್ಟಿಗೆ ಬೇಕು.

ಬಾಟಲಿಯ ಮೇಲೆ ತಾರೀಕು, ಸಮಯ ಎರಡನ್ನೂ ಬರೆಯಿರಿ. ದ್ರಾವಣದಲ್ಲಿರುವ ಕಣಗಳು ಸುಮ್ಮನೆ ಇಟ್ಟರೂ ಬೆಳೆಯುತ್ತವೆ, ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಮೂರು ಸ್ಯಾಂಪಲ್‌ಗಳನ್ನೂ ಒಂದೇ ದಿನ, ಯಂತ್ರದ ದೀಪ ಹಚ್ಚಿ ಅರ್ಧ ಗಂಟೆ ಬಿಟ್ಟು, ಸ್ಲಿಟ್ (ಬೆಳಕು ಹಾಯುವ ಸೀಳು) ಬದಲಿಸದೆ ಅಳೆಯಿರಿ.